ಬೀಟಾ ಹಾಕೋದಾ, ಬೇಡ್ವಾ? ಮುಂಬಯಿ ಕಡೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಡೊಂಬಿವಲಿಯಲ್ಲಿ. ಹೋಟೆಲು, ಸಿಎ ಆಫೀಸು, ಕನ್ನಡ ಸಂಘ, ಪರಿಚಯದವರ ಮನೆ, ಹೀಗೆ ಹತ್ತಾರು ಕಡೆಯ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಪ್ರತಿ ವರ್ಷ ಜೂನ್ ಬಂತೆಂದರೆ ಮಳೆಯ ಜೊತೆಗೇ ಫೋನುಗಳೂ ಶುರು. ಮ್ಯಾಕ್‌ನ ಹೊಸ ಬೀಟಾ ಬಂತಂತೆ, ವಿಂಡೋಸ್‌ಗೆ ಹೊಸ ಬಿಲ್ಡ್ ಬಂತಂತೆ, ಹಾಕಬಹುದಾ? ರೈಲಿನ ಬಾಗಿಲಲ್ಲಿ ನಿಂತು ಅರ್ಧ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಬೀಟಾ ಅಂದರೆ ನಿಜವಾಗಿ ಏನು?

ಬಿಡುಗಡೆಗೆ ಮುಂಚಿನ ಸಾಫ್ಟ್‌ವೇರ್. ನೋಡಲು ಪೂರ್ತಿ ಆದ ಹಾಗಿರುತ್ತದೆ, ಆದರೆ ಕೆಲಸ ಮುಗಿದಿರುವುದಿಲ್ಲ. ಹೊಸ ಫ್ಲ್ಯಾಟಿಗೆ ಬಣ್ಣ ಬಳಿದಾಗಿದೆ, ನಲ್ಲಿಯಲ್ಲಿ ನೀರೂ ಬರುತ್ತಿದೆ. ಗೋಡೆ ಎಲ್ಲಿ ಸೋರುತ್ತದೆ ಎಂದು ಗೊತ್ತಾಗುವುದು ಮಾತ್ರ ಮೊದಲ ಮಳೆ ಬಿದ್ದ ಮೇಲೆ. ಬೀಟಾ ಅಂಥದ್ದೇ. ಕಂಪನಿಯ ಒಳಗೆ ಮಾತ್ರ ಓಡಾಡುವ ಕಚ್ಚಾ ಆವೃತ್ತಿಗೆ ಆಲ್ಫಾ ಎನ್ನುತ್ತಾರೆ. ಹೊರಗಿನವರ ಕೈಗೆ ಕೊಟ್ಟು ನೋಡುವುದು ಬೀಟಾ. ಇನ್ನೇನು ಬಿಡುಗಡೆ ಆಗಬೇಕು ಎನ್ನುವಾಗಿನದು ರಿಲೀಸ್ ಕ್ಯಾಂಡಿಡೇಟ್. ಇವುಗಳ ಒಂದೊಂದು ಹೊಸ ಪ್ರತಿಗೂ ಬಿಲ್ಡ್ ಎನ್ನುತ್ತಾರೆ.

ಹೊರಗಿನವರಿಗೆ ಯಾಕೆ ಕೊಡುತ್ತಾರೆ? ಕಂಪನಿಯ ಲ್ಯಾಬಿನಲ್ಲಿ ಎಷ್ಟೇ ಕಂಪ್ಯೂಟರ್ ಇದ್ದರೂ ಮಾಟುಂಗದ ಹೋಟೆಲೊಂದರ ಹತ್ತು ವರ್ಷ ಹಳೆಯ ಬಿಲ್ ಪ್ರಿಂಟರ್ ಅಲ್ಲಿರುವುದಿಲ್ಲ. ಕನ್ನಡದಲ್ಲಿ ದಿನವಿಡೀ ಟೈಪ್ ಮಾಡುವವರೂ ಇರುವುದು ಕಷ್ಟ. ಅದಕ್ಕೇ ನಮ್ಮಂಥವರು ಬೇಕು. ಇದು ಹಳೆಯ ಪದ್ಧತಿ. 2000ದ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಮ್ಯಾಕ್ ಓಎಸ್ ಟೆನ್‌ನ ಬೀಟಾವನ್ನು 29.95 ಡಾಲರಿಗೆ ಮಾರಿತ್ತು. ದುಡ್ಡು ಕೊಟ್ಟು ತಗೊಂಡರೂ ಅದು 2001ರ ಮೇ ತಿಂಗಳಲ್ಲಿ ಅವಧಿ ಮುಗಿದು ನಿಂತಿತು. ಪುಕ್ಕಟೆಯಾಗಿ ಯಾರು ಬೇಕಾದರೂ ಸೇರಬಹುದಾದ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಮತ್ತು ಆಪಲ್ ಎರಡೂ 2014ರಲ್ಲಿ ಶುರು ಮಾಡಿದವು. ಮೈಕ್ರೋಸಾಫ್ಟಿನದ್ದಕ್ಕೆ ವಿಂಡೋಸ್ ಇನ್‌ಸೈಡರ್ ಎಂದು ಹೆಸರು.

ಅದೆಲ್ಲ ಬಿಡಿ, ಹಾಕಬೇಕಾ ಬೇಡ್ವಾ? ಒಂದೇ ಮಾತಲ್ಲಿ ಹೇಳಿ.

ನಾಳೆ ಬೆಳಿಗ್ಗೆ ಆ ಕಂಪ್ಯೂಟರ್ ಆನ್ ಆಗದಿದ್ದರೆ ಯಾರ ಕೆಲಸ ನಿಲ್ಲುತ್ತದೆ? ಯಾರದ್ದೂ ಇಲ್ಲ ಅಂದರೆ ಹಾಕಿ. ನಿಮ್ಮದೋ ಬೇರೆಯವರದ್ದೋ ನಿಲ್ಲುತ್ತದೆ ಅಂದರೆ ಹಾಕಬೇಡಿ.

ಇದರ ಜೊತೆ ಇನ್ನೊಂದು ಪ್ರಶ್ನೆಯನ್ನೂ ನಾನು ಕೇಳುತ್ತೇನೆ: ತೊಂದರೆ ಕಂಡರೆ ಕೂತು ಬರೆದು ಕಳಿಸುವಷ್ಟು ಪುರುಸೊತ್ತು ಇದೆಯಾ? ಇಲ್ಲದಿದ್ದರೆ ಬೀಟಾದ ಕಷ್ಟ ಎಲ್ಲ ನಿಮಗೆ, ಅದರಿಂದ ಲಾಭ ಯಾರಿಗೂ ಇಲ್ಲ.

ಹೋಟೆಲಿನ ಗಲ್ಲಾದಲ್ಲಿರುವ ಕಂಪ್ಯೂಟರಿಗೆ ಹಾಕಬಹುದಾ? ಬರೀ ಬಿಲ್ ತಾನೇ ಹೊಡೆಯುವುದು?

ಖಂಡಿತ ಬೇಡ. "ಬರೀ ಬಿಲ್" ಅನ್ನುವ ಮಾತನ್ನು ನಾನು ತುಂಬ ಸಲ ಕೇಳಿದ್ದೇನೆ. ಅದಕ್ಕೇ ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ.

ಕೆಲವು ವರ್ಷದ ಹಿಂದಿನ ಮಾತು. ಘಾಟ್‌ಕೋಪರ್ ಕಡೆಯ ಒಂದು ಹೋಟೆಲು. ಮಾಲೀಕರ ಮಗ ಕಾಲೇಜು ಓದುವ ಹುಡುಗ, ಚುರುಕು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಗಲ್ಲಾದ ಕಂಪ್ಯೂಟರಿಗೆ ಬೀಟಾ ಹಾಕಿ ಮಲಗಿದ್ದ. ಬೆಳಿಗ್ಗೆ ಏಳೂಕಾಲಿಗೆ ನನಗೆ ಫೋನ್. ಗಲ್ಲಾದಲ್ಲಿ ಕೂರುವ ಕುಂದಾಪುರದ ಹುಡುಗ ಹೇಳಿದ್ದು ಇಷ್ಟೇ: "ಕಾಗದ ಬರ್ತದೆ, ಬಿಲ್ಲೇ ಬರೂದಿಲ್ಲ ಮಾರಾಯ್ರೆ."

ನಾನು ಹೋಗುವಷ್ಟರಲ್ಲಿ ಒಂಬತ್ತು ಹತ್ತಿರ. ಥರ್ಮಲ್ ಪ್ರಿಂಟರ್ ಗರಗರ ಅಂತ ರೋಲು ತಳ್ಳುತ್ತಿತ್ತು. ಕಾಗದ ಮಾತ್ರ ಬೆಳ್ಳಗೆ. ಪ್ರಿಂಟರ್ ಕೆಟ್ಟಿರಲಿಲ್ಲ, ಅದನ್ನು ಓಡಿಸುವ ಹಳೆಯ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಹೊಸ ವ್ಯವಸ್ಥೆ ಸರಿಯಾಗಿ ಒಪ್ಪಿಕೊಂಡಿರಲಿಲ್ಲ. ಹುಡುಗ ಪಾರ್ಸೆಲ್ ಕಟ್ಟುವ ಕಾಗದ ಹರಿದು, ಅದರ ಹಿಂದೆ ಪೆನ್ಸಿಲಿನಲ್ಲಿ "2 ಇಡ್ಲಿ ವಡೆ, 3 ಚಾ" ಅಂತ ಬರೆಯುತ್ತಿದ್ದ. ಅವನ ಮುಂದೆ ಆಫೀಸಿಗೆ ಹೊರಟವರ ಸಾಲು ಬಾಗಿಲು ದಾಟಿತ್ತು. ಹಳೆಯ ಆವೃತ್ತಿಗೆ ಮರಳಿ, ಬಿಲ್ಲಿಂಗ್ ಸಾಫ್ಟ್‌ವೇರ್ ಮತ್ತೆ ಕೂರಿಸುವಾಗ ಮಧ್ಯಾಹ್ನ ಒಂದೂವರೆ. ಮಾಲೀಕರು ಬೈಯಲಿಲ್ಲ. ಚೀಟಿಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡು, ಎರಡು ಸಲ ಎಣಿಸಿ, ಲೆಕ್ಕ ಕೂಡದೆ ಸುಮ್ಮನೆ ಕೂತರು. ಮಗನ ಮುಖ ನೋಡಲಾಗಲಿಲ್ಲ.

ಆ ಹುಡುಗನ ಆಸಕ್ತಿ ಒಳ್ಳೆಯದೇ. ಮಷೀನು ಮಾತ್ರ ತಪ್ಪಾಗಿತ್ತು. ಅವನ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು. ಅದಕ್ಕೆ ಹಾಕಿದ್ದರೆ ಅವನೂ ಕಲಿಯುತ್ತಿದ್ದ, ಚಾ ಮಾರುವುದೂ ನಿಲ್ಲುತ್ತಿರಲಿಲ್ಲ.

ಸಿಎ ಆಫೀಸಿನಲ್ಲಿ?

ಬೇಡ. ಪ್ರತಿ ತಿಂಗಳು 20ರ ಹೊತ್ತಿಗೆ ಜಿಎಸ್‌ಟಿ 3ಬಿ, ಜುಲೈಯಲ್ಲಿ ಆದಾಯ ತೆರಿಗೆ ರಿಟರ್ನಿನ ಗಡಿಬಿಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದೆಯಲ್ಲ, ಅದು ಕೆಲಸ ಮಾಡಬೇಕಾದರೆ ಡ್ರೈವರು, ಸಹಿ ಮಾಡುವ ಸಣ್ಣ ತಂತ್ರಾಂಶ, ಬ್ರೌಸರು ಮೂರೂ ಒಂದಕ್ಕೊಂದು ಹೊಂದಬೇಕು. ಬಿಡುಗಡೆಯಾದ ವಿಂಡೋಸ್‌ನಲ್ಲೇ ಅದು ಆಗಾಗ ಕೈಕೊಡುತ್ತದೆ. ಬೀಟಾದಲ್ಲಿ ಕೈಕೊಟ್ಟರೆ ಕಂಪನಿಯ ಸಹಾಯವಾಣಿಯವರು ಮೊದಲು ಹೇಳುವುದೇ "ಬೀಟಾ ತೆಗೆಯಿರಿ" ಅಂತ. ಟ್ಯಾಲಿ ಇರುವ ಮಷೀನಿಗೂ ಇದೇ ಮಾತು.

ವಿಂಡೋಸ್ 10ಕ್ಕೆ ಬೆಂಬಲ ಮುಗಿಯಿತಲ್ಲ. ಹೇಗೂ ಬದಲಾಯಿಸಬೇಕು, ನೇರ ಬೀಟಾಕ್ಕೇ ಹೋದರೆ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ನಿಜ. ಅದಕ್ಕೆ ಮದ್ದು ಬೀಟಾ ಅಲ್ಲ, ಬಿಡುಗಡೆಯಾಗಿರುವ ವಿಂಡೋಸ್ 11. ಮೊದಲು ನಿಮ್ಮ ಮಷೀನು ಅದಕ್ಕೆ ಆಗುತ್ತದೋ ನೋಡಿ: ಟಿಪಿಎಂ 2.0 ಎಂಬ ಭದ್ರತಾ ಚಿಪ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಪಟ್ಟಿಯಲ್ಲಿರುವ ಪ್ರೊಸೆಸರ್. ಎಷ್ಟೋ ಹಳೆಯ ಮಷೀನುಗಳಲ್ಲಿ ಟಿಪಿಎಂ ಇರುತ್ತದೆ, ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗಿನಲ್ಲಿ, ಆಫ್ ಆಗಿರುತ್ತದೆ ಅಷ್ಟೇ. ಅದನ್ನು ಆನ್ ಮಾಡಿದರೆ ಸಾಕಾಗಬಹುದು. ಮಷೀನು ಆಗುವುದೇ ಇಲ್ಲ ಅಂದರೆ ಲಿನಕ್ಸ್ ಹಾಕಿಕೊಡುತ್ತೇನೆ, ಅದೂ ಬಿಡುಗಡೆಯಾದ ಆವೃತ್ತಿ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಒಂದು ಎಸ್ಎಸ್‌ಡಿ ತಂದು ಹಾಕಿಸಿದರೆ ಆ ಹಳೆಯ ಮಷೀನು ಇನ್ನೂ ಕೆಲವು ವರ್ಷ ಚೆನ್ನಾಗಿ ನಡೆಯುತ್ತದೆ.

ವಿಂಡೋಸ್ ಇನ್‌ಸೈಡರ್‌ನಲ್ಲಿ ಕೆನರಿ, ಡೆವ್, ಬೀಟಾ ಅಂತೆಲ್ಲ ಇದೆ. ಯಾವುದು?

2023ರಲ್ಲಿ ಕೆನರಿ ಸೇರಿದ ಮೇಲೆ ನಾಲ್ಕು ಚಾನೆಲ್ ಆದವು. ಕೆನರಿ ಎಲ್ಲಕ್ಕಿಂತ ಹಸಿ. ಡೆವ್ ಅದಕ್ಕಿಂತ ಸ್ವಲ್ಪ ವಾಸಿ. ಬೀಟಾದಲ್ಲಿ ಬರುವುದು ಮುಂದಿನ ಬಿಡುಗಡೆಗೆ ಹತ್ತಿರದ್ದು. ರಿಲೀಸ್ ಪ್ರಿವ್ಯೂ ಅಂದರೆ ಹೆಚ್ಚೂಕಮ್ಮಿ ಬಿಡುಗಡೆಯದೇ, ಸ್ವಲ್ಪ ದಿನ ಮುಂಚೆ. ಮೊದಲ ಸಲ ಹಾಕುವವರಿಗೆ ನಾನು ಹೇಳುವುದು ರಿಲೀಸ್ ಪ್ರಿವ್ಯೂ. ಅದರಲ್ಲಿ ಎರಡು ತಿಂಗಳು ಕಳೆದು, ಹಿಡಿತ ಸಿಕ್ಕಿದ ಮೇಲೆ ಬೀಟಾ.

ಕೆನರಿಗೆ ಹೋದವರು ಒಂದು ವಿಷಯ ಮರೆಯುತ್ತಾರೆ. ಅಲ್ಲಿಂದ ಕೆಳಗಿನ ಚಾನೆಲ್ಲಿಗೆ ಇಳಿಯಬೇಕೆಂದರೆ ಫಾರ್ಮ್ಯಾಟ್ ಹೊಡೆದು ಮೊದಲಿಂದ ಹಾಕಬೇಕು. ಮೇಲೆ ಹತ್ತುವುದು ಒಂದು ಕ್ಲಿಕ್, ಇಳಿಯುವುದು ಒಂದು ಇಡೀ ಭಾನುವಾರ.

ಮ್ಯಾಕ್‌ನಲ್ಲಿ ಹೇಗೆ?

ಜೂನಿನಲ್ಲಿ ಡೆವಲಪರ್ ಬೀಟಾ, ಸಾಮಾನ್ಯವಾಗಿ ಜುಲೈ ಹೊತ್ತಿಗೆ ಪಬ್ಲಿಕ್ ಬೀಟಾ, ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಬಿಡುಗಡೆ. ಡೆವಲಪರ್ ಬೀಟಾ 2023ರಿಂದ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಸಿಗುತ್ತದೆ ಅಂತ ಅದರ ಮೊದಲ ಬಿಲ್ಡಿಗೇ ಕೈ ಹಾಕಬೇಡಿ. ಪಬ್ಲಿಕ್ ಬೀಟಾಕ್ಕೆ ಕಾಯಿರಿ, ಅದರಲ್ಲೂ ಎರಡನೆಯದೋ ಮೂರನೆಯದೋ ಬರಲಿ.

ಮ್ಯಾಕಿನವರು ಎಚ್ಚರ ಇರಬೇಕಾದ ಜಾಗ ಒಂದಿದೆ. ಬೀಟಾದಲ್ಲಿ ಇರುವಾಗ ತೆಗೆದ ಟೈಮ್ ಮಷೀನ್ ಬ್ಯಾಕಪ್ಪು ಹಳೆಯ ಆವೃತ್ತಿಗೆ ಹೊಂದದೆ ಹೋಗಬಹುದು. ಹಾಗಾಗಿ ಬೀಟಾ ಹಾಕುವ ಮೊದಲು ತೆಗೆದ ಬ್ಯಾಕಪ್ಪಿನ ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಿ. ಬೀಟಾಕ್ಕೆ ಬೇರೆ ಡಿಸ್ಕ್ ಬಳಸಿ. ಇನ್ನೊಂದು, ಐಕ್ಲೌಡಿನ ಮೂಲಕ ಫೋನಿಗೂ ಮ್ಯಾಕಿಗೂ ನಂಟು ಇರುತ್ತದೆ. 2019ರಲ್ಲಿ ಹೊಸ ರಿಮೈಂಡರ್ಸ್ ಆ್ಯಪ್‌ಗೆ ಅಪ್‌ಗ್ರೇಡ್ ಮಾಡಿದವರ ಪಟ್ಟಿಗಳು ಹಳೆಯ ಆವೃತ್ತಿಯ ಸಾಧನಗಳಲ್ಲಿ ಕಾಣುವುದೇ ನಿಂತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಮ್ಯಾಕ್‌ನ ಕ್ಯಾಟಲಿನಾ ಆವೃತ್ತಿಯಲ್ಲಿ ಹಳೆಯ ಕಾಲದ 32 ಬಿಟ್ ಆ್ಯಪ್‌ಗಳು ಓಡುವುದೇ ನಿಂತವು. ಇಂಥದ್ದು ಬೀಟಾದಲ್ಲೇ ಮೊದಲು ಕಣ್ಣಿಗೆ ಬೀಳುತ್ತದೆ. ನಿಮ್ಮ ಡಿಟಿಪಿ ಸಾಫ್ಟ್‌ವೇರ್ ಹಳೆಯದಾಗಿದ್ದರೆ, ಒಂದು ಪ್ರತ್ಯೇಕ ಡಿಸ್ಕಿನಲ್ಲಿ ಬೀಟಾ ಹಾಕಿ ಅದು ತೆರೆಯುತ್ತದಾ ಅಂತ ನೋಡುವುದು ನಿಜಕ್ಕೂ ಉಪಯೋಗದ ಕೆಲಸ. ಮೂರು ತಿಂಗಳು ಮುಂಚೆಯೇ ಗೊತ್ತಾಗುತ್ತದಲ್ಲ.

ಲಿನಕ್ಸ್‌ನವರಿಗೆ ಭಯ ಇಲ್ಲ ಅಂತಾರೆ, ಹೌದಾ?

ಹಾಕಿ ನೋಡುವುದು ಸುಲಭ, ಅದು ಹೌದು. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವನ್ನು ಪೆನ್ ಡ್ರೈವಿಗೆ ಹಾಕಿ, ಒಳಗಿನ ಡಿಸ್ಕನ್ನು ಮುಟ್ಟದೆಯೇ ಓಡಿಸಿ ನೋಡಬಹುದು. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಹೊಸ ಆವೃತ್ತಿ ಬರುತ್ತದೆ, ಅದಕ್ಕೆ ಕೆಲವು ವಾರ ಮೊದಲು ಬೀಟಾ.

ಆದರೆ ಭಯವೇ ಇಲ್ಲ ಅನ್ನುವವರಿಗೆ ನಾನು 2024ರ ಕಥೆ ಹೇಳುತ್ತೇನೆ. ಎಕ್ಸ್‌ಝಡ್ ಅಂತ ಒಂದು ಸಣ್ಣ ಸಾಧನ ಇದೆ. ಫೈಲು ಕುಗ್ಗಿಸುವುದು ಅದರ ಕೆಲಸ, ಲಿನಕ್ಸ್‌ನ ಎಲ್ಲ ಕಡೆ ಇರುತ್ತದೆ. ಅದನ್ನು ನೋಡಿಕೊಳ್ಳುವವರ ನಂಬಿಕೆ ಗಳಿಸಿದ ಯಾರೋ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟಿದ್ದರು. ಆ ಆವೃತ್ತಿ ಮೊದಲು ತಲುಪಿದ್ದು ಯಾರನ್ನು? ಹೊಸದನ್ನು ಎಲ್ಲರಿಗಿಂತ ಮುಂಚೆ ಹಾಕಿಕೊಳ್ಳುವವರನ್ನು. ಲಿನಕ್ಸ್‌ನದೇ ಬೇರೆ ಬಗೆಗಳಾದ ಡೆಬಿಯನ್‌ನ ಅನ್‌ಸ್ಟೇಬಲ್ (ಇನ್ನೂ ಪರೀಕ್ಷೆಯಲ್ಲಿರುವುದು), ಫೆಡೋರಾ 40ರ ಬೀಟಾ, ಇಂಥ ಕಡೆ. ಡೆಬಿಯನ್‌ನ ಸ್ಟೇಬಲ್ ಬಳಸುತ್ತಿದ್ದವರಿಗೆ ಅದು ಮುಟ್ಟಲೇ ಇಲ್ಲ.

ಇನ್ನು ಅದನ್ನು ಹಿಡಿದವರು ಯಾರು? ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಅವರೂ ಬಳಸುತ್ತಿದ್ದದ್ದು ಡೆಬಿಯನ್ ಅನ್‌ಸ್ಟೇಬಲ್. ದೂರದಿಂದ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆ ಅನಿಸಿತು. ಅರ್ಧ ಸೆಕೆಂಡು! ನಾವಾದರೆ ನೆಟ್ ಸ್ಲೋ ಅಂತ ಬಿಟ್ಟುಬಿಡುತ್ತೇವೆ. ಅವರು ಬಿಡದೆ ಬೆನ್ನು ಹತ್ತಿ, 2024ರ ಮಾರ್ಚ್ 29ಕ್ಕೆ ವಿಷಯ ಹೊರಗಿಟ್ಟರು. ಉಬುಂಟು 24.04ರ ಬೀಟಾ ಇದೇ ಕಾರಣಕ್ಕೆ ಏಪ್ರಿಲ್ 4ರಿಂದ 11ಕ್ಕೆ ಮುಂದಕ್ಕೆ ಹೋಯಿತು. ಆ ಕಳ್ಳಬಾಗಿಲು ಸೇರಿದ ಮೇಲೆ ಕಟ್ಟಿದ್ದ ಎಲ್ಲ ಪ್ಯಾಕೇಜುಗಳನ್ನೂ ಹೊಸದಾಗಿ ಕಟ್ಟಿದರು.

ಮೊದಲು ಹಾಕಿದವರಿಗೇ ಅಪಾಯ ಇತ್ತು, ಮೊದಲು ಹಾಕಿದವರಲ್ಲಿ ಒಬ್ಬರು ಗಮನ ಇಟ್ಟು ನೋಡಿದ್ದರಿಂದಲೇ ಉಳಿದವರು ಪಾರಾದರು. ಬೀಟಾ ಹಾಕಿ ಎಂದು ನಾನು ಯಾರಿಗಾದರೂ ಹೇಳುವಾಗ ಮನಸ್ಸಿನಲ್ಲಿರುವುದು ಈ ಗಮನ.

ಬಿಡುಗಡೆಯಾದದ್ದೂ ಕೆಡುತ್ತದಲ್ಲ? ಹಾಗಿದ್ದ ಮೇಲೆ ಬೀಟಾ ಮಾತ್ರ ಯಾಕೆ ಬೇಡ?

ಕೆಡುತ್ತದೆ, ಒಪ್ಪುತ್ತೇನೆ. 2018ರ ಅಕ್ಟೋಬರ್ 2ಕ್ಕೆ ಬಿಟ್ಟ ವಿಂಡೋಸ್ 10ರ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳನ್ನೇ ಅಳಿಸಿಹಾಕಿತು. ನಾಲ್ಕು ದಿನದಲ್ಲಿ ಅದನ್ನು ವಾಪಸ್ ತಗೊಂಡು, ನವೆಂಬರ್ 13ಕ್ಕೆ ಮತ್ತೆ ಬಿಟ್ಟರು. ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಬಿಡುಗಡೆಗೆ ಮೊದಲೇ ಕೆಲವು ಇನ್‌ಸೈಡರ್‌ಗಳು ಫೈಲು ಹೋಯಿತು ಅಂತ ಬರೆದಿದ್ದರು. ಅದು ಸಾವಿರಾರು ವರದಿಗಳ ನಡುವೆ ಮುಳುಗಿಹೋಗಿತ್ತು. ಆಮೇಲೆ ಮೈಕ್ರೋಸಾಫ್ಟ್ ವರದಿಯಲ್ಲೇ ತೊಂದರೆ ಎಷ್ಟು ಗಂಭೀರ ಎಂದು ಗುರುತಿಸುವ ಅವಕಾಶ ಕೊಟ್ಟಿತು. ಉಬುಂಟು 17.10 ಬಿಡುಗಡೆಯಾದ ಮೇಲೆ ಕೆಲವು ಲ್ಯಾಪ್‌ಟಾಪುಗಳ ಬಯಾಸ್ ಕೆಟ್ಟು, 2017ರ ಡಿಸೆಂಬರಿನಲ್ಲಿ ಡೌನ್‌ಲೋಡನ್ನೇ ತಡೆಹಿಡಿಯಬೇಕಾಯಿತು.

ಆದರೆ ಒಂದು ವ್ಯತ್ಯಾಸ ಇದೆ. ಬಿಡುಗಡೆಯಾದದ್ದು ಕೆಟ್ಟರೆ ಗಲಾಟೆ ಆಗುತ್ತದೆ, ಬೇಗ ಸರಿಮಾಡುತ್ತಾರೆ, ಬೆಂಬಲ ಇರುತ್ತದೆ. ಬೀಟಾ ಕೆಟ್ಟರೆ "ಕೆಡಬಹುದು ಅಂತ ಮೊದಲೇ ಹೇಳಿದ್ದೆವಲ್ಲ" ಅನ್ನುವುದಷ್ಟೇ ಉತ್ತರ. ಗಲ್ಲಾದ ಮಷೀನಿಗಾದರೆ ನಾನು ಬಿಡುಗಡೆಯಾದ ದೊಡ್ಡ ಅಪ್‌ಡೇಟನ್ನೂ ಒಂದು ತಿಂಗಳು ಬಿಟ್ಟೇ ಹಾಕುವುದು. ತಿಂಗಳ ಭದ್ರತಾ ಅಪ್‌ಡೇಟ್ ಮಾತ್ರ ತಡ ಮಾಡುವುದಿಲ್ಲ.

ಬ್ಯಾಕಪ್ ಇದೆ, ಎಲ್ಲ ಗೂಗಲ್ ಡ್ರೈವಿನಲ್ಲೋ ಒನ್‌ಡ್ರೈವಿನಲ್ಲೋ ಇದೆ. ಸಾಕಲ್ವಾ?

ಸಾಲದು. ಅದು ಸಿಂಕ್, ಬ್ಯಾಕಪ್ ಅಲ್ಲ. ಇಲ್ಲಿ ಫೈಲು ಅಳಿದರೆ ಅಲ್ಲೂ ಅಳಿಯುತ್ತದೆ. ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಪೂರ್ತಿ ಪ್ರತಿ ತೆಗೆಯಿರಿ. ತೆಗೆದ ಮೇಲೆ ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ, ನಾಲ್ಕೈದು ಫೈಲು ನಿಜವಾಗಿ ತೆರೆದು ನೋಡಿ. ಈ ಎರಡನೇ ಕೆಲಸವನ್ನು ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅದು ಬ್ಯಾಕಪ್ಪಿಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ.

ಫೋಟೊ, ಡಾಕ್ಯುಮೆಂಟು ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಟ್ಯಾಲಿಯ ಡೇಟಾ ಫೋಲ್ಡರು, ಔಟ್‌ಲುಕ್ಕಿನ ಮೇಲ್ ಫೈಲು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡು, ಸಾಫ್ಟ್‌ವೇರಿನ ಲೈಸೆನ್ಸ್ ಕೀ, ಮತ್ತು ವರ್ಷಗಳಿಂದ ಕೂಡಿಹಾಕಿದ ಕನ್ನಡ ಫಾಂಟುಗಳು. ವಿಂಡೋಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಬಿಟ್‌ಲಾಕರಿನ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ಆದ ಮೇಲೆ ಅದು ಒಮ್ಮೊಮ್ಮೆ ಆ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಒಳಗಿರುವುದನ್ನು ನಾನೂ ತೆಗೆದುಕೊಡಲಾರೆ, ಯಾರೂ ತೆಗೆದುಕೊಡಲಾರರು.

ಇಷ್ಟವಾಗದಿದ್ದರೆ ಹಿಂದಕ್ಕೆ ಬರಬಹುದಾ?

ವಿಂಡೋಸ್‌ನಲ್ಲಿ 10 ದಿನದ ಒಳಗಾದರೆ ಸೆಟ್ಟಿಂಗ್ಸ್‌ನಲ್ಲಿ ಹಿಂದಕ್ಕೆ ಹೋಗುವ ಆಯ್ಕೆ ಇರುತ್ತದೆ. ಆ ಮೇಲೆ ಹಳೆಯ ವಿಂಡೋಸ್‌ನ ಫೈಲುಗಳನ್ನು ಅದು ತಾನೇ ಅಳಿಸುತ್ತದೆ. ಜಾಗ ಸಾಲದು ಅಂತ ನೀವೇ ಡಿಸ್ಕ್ ಕ್ಲೀನಪ್ ಮಾಡಿ ಅಳಿಸಿದರೂ ಅಷ್ಟೇ. ಮ್ಯಾಕ್‌ನಲ್ಲಿ ಅಂಥ ಬಟನ್ ಇಲ್ಲ, ಪೂರ್ತಿ ಅಳಿಸಿ ಹಳೆಯದನ್ನು ಹಾಕಬೇಕು. ಹೊಸ ಎಂ ಸರಣಿಯ ಮ್ಯಾಕುಗಳಲ್ಲಿ ಕೆಲವೊಮ್ಮೆ ಅದಕ್ಕೆ ಇನ್ನೊಂದು ಮ್ಯಾಕೇ ಬೇಕಾಗುತ್ತದೆ. ಹಾಗಾಗಿ ಬೀಟಾ ಹಾಕುವ ಮುಂಚೆಯೇ ಹಳೆಯ ಆವೃತ್ತಿಯ ಪೆನ್ ಡ್ರೈವ್ ತಯಾರಿಟ್ಟುಕೊಳ್ಳಿ. ವಿಂಡೋಸ್‌ಗೆ 8 ಜಿಬಿಯದ್ದು ಸಾಕು.

ಎರಡನೇ ಕಂಪ್ಯೂಟರ್ ಇಲ್ಲ, ಆದರೂ ಆಸೆ ಇದೆ. ದಾರಿ ಉಂಟಾ?

ಉಂಟು. ವರ್ಚುವಲ್ ಮಷೀನ್ ಮಾಡಿಕೊಳ್ಳಿ. ಅಂದರೆ ನಿಮ್ಮ ಕಂಪ್ಯೂಟರಿನ ಒಳಗೇ ಒಂದು ಕಿಟಕಿಯಲ್ಲಿ ಇನ್ನೊಂದು ಕಂಪ್ಯೂಟರ್ ಓಡುತ್ತದೆ. ಕೆಟ್ಟರೆ ಆ ಫೈಲು ಅಳಿಸಿದರಾಯಿತು. ವರ್ಚುವಲ್‌ಬಾಕ್ಸ್ ಪುಕ್ಕಟೆ ಸಿಗುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ ಆರಾಮ. ನಿಮ್ಮ ಪ್ರಿಂಟರು, ಗ್ರಾಫಿಕ್ಸು, ಬ್ಯಾಟರಿ ಹೇಗೆ ನಡೆಯುತ್ತವೆ ಎಂದು ಇದರಲ್ಲಿ ಗೊತ್ತಾಗುವುದಿಲ್ಲ, ಆದರೆ ಕನ್ನಡ ಟೈಪಿಂಗ್, ಫಾಂಟು, ಆ್ಯಪ್‌ಗಳು ಚೆನ್ನಾಗಿ ಗೊತ್ತಾಗುತ್ತವೆ. ಮ್ಯಾಕಿನವರು ಅದೇ ಡಿಸ್ಕಿನಲ್ಲಿ ಇನ್ನೊಂದು ವಾಲ್ಯೂಮ್ (ಪ್ರತ್ಯೇಕ ಭಾಗ) ಮಾಡಿ ಅಲ್ಲಿ ಬೀಟಾ ಹಾಕಬಹುದು.

ಒಂದೇ ಮನೆಯಲ್ಲಿ ಮಕ್ಕಳ ಪರೀಕ್ಷೆ, ನಿಮ್ಮ ಆಫೀಸು ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದ್ದರೆ ವರ್ಚುವಲ್ ಮಷೀನಿಗಿಂತ ಮುಂದೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಮಳೆಗಾಲದಲ್ಲಿ ಹಾಕಿದರೆ ತೊಂದರೆಯಾ?

ಬೀಟಾಕ್ಕೂ ಮಳೆಗೂ ಸಂಬಂಧ ಇಲ್ಲ, ಕರೆಂಟಿಗೆ ಇದೆ. ಬೀಟಾದಲ್ಲಿ ಆಗಾಗ ದೊಡ್ಡ ಅಪ್‌ಡೇಟ್ ಬರುತ್ತದೆ. ಅದು ಅರ್ಧದಲ್ಲಿರುವಾಗ ಡೆಸ್ಕ್‌ಟಾಪಿಗೆ ಕರೆಂಟು ಹೋದರೆ ಬೂಟ್ ಆಗದೇ ಉಳಿಯಬಹುದು. ಕಲ್ಯಾಣ, ಡೊಂಬಿವಲಿ, ಭಾಂಡುಪ್ ಕಡೆ ಜುಲೈಯಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳುವ ಹಾಗಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಜೋರು ಮಳೆಯ ದಿನ ಅಪ್‌ಡೇಟ್ ಬೇಡ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ.

ಪುಣೆಯಲ್ಲಿ ಕೆಲಸ, ಕಂಪನಿ ಕೊಟ್ಟ ಲ್ಯಾಪ್‌ಟಾಪ್. ಅದಕ್ಕೆ?

ಬೇಡ. ಅದು ನಿಮ್ಮದಲ್ಲ. ವಿಪಿಎನ್, ಆ್ಯಂಟಿವೈರಸ್ ಕೈಕೊಟ್ಟರೆ ಆಫೀಸಿನ ಕೆಲಸ ನಿಲ್ಲುತ್ತದೆ, ಐಟಿ ವಿಭಾಗದವರಿಗೆ ಉತ್ತರ ಹೇಳಬೇಕಾದವರು ನೀವು.

ಬೀಟಾದಲ್ಲಿ ಬ್ಯಾಂಕಿನ ಕೆಲಸ ಮಾಡಬಹುದಾ? ನಮ್ಮ ಮಾಹಿತಿ ಕಂಪನಿಗೆ ಹೋಗುತ್ತದಾ?

ನಾನು ಮಾಡುವುದಿಲ್ಲ. ಬೀಟಾ ಹಾಕಿದ ಮಷೀನಿನಲ್ಲಿ ಬ್ಯಾಂಕು, ಡಿಮ್ಯಾಟು, ಡಿಜಿಟಲ್ ಸಹಿ ಯಾವುದೂ ಇಲ್ಲ. ಮಾಹಿತಿಯ ವಿಷಯಕ್ಕೆ ಬಂದರೆ, ಮಾಮೂಲಿಗಿಂತ ಜಾಸ್ತಿ ಹೋಗುತ್ತದೆ. ವಿಂಡೋಸ್ ಇನ್‌ಸೈಡರ್ ಸೇರಬೇಕಾದರೆ, ಬೇರೆಯವರಿಗೆ ಐಚ್ಛಿಕವಾದ ಡಯಾಗ್ನಾಸ್ಟಿಕ್ ಡೇಟಾವನ್ನು ಆನ್ ಮಾಡಲೇಬೇಕು. ಎಲ್ಲಿ ಕೆಟ್ಟಿತು ಎಂದು ತಿಳಿಯಲು ಅವರಿಗೆ ಅದು ಬೇಕು. ಅದು ಒಪ್ಪಿಗೆ ಇಲ್ಲದವರು ಬೀಟಾದಿಂದ ದೂರ ಇರುವುದೇ ಸರಿ.

ಕನ್ನಡದಲ್ಲಿ ಕೆಲಸ ಮಾಡುವವರು ಬೀಟಾದಲ್ಲಿ ಏನು ನೋಡಬೇಕು?

ನಿಜ ಹೇಳಬೇಕೆಂದರೆ ಈ ಪ್ರಶ್ನೆಗಾಗಿಯೇ ನಾನು ಇಷ್ಟೆಲ್ಲ ಬರೆದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ತಪ್ಪಿದರೆ ಬೀಟಾದ ಮೊದಲ ದಿನವೇ ಲಕ್ಷ ಜನರ ಕಣ್ಣಿಗೆ ಬೀಳುತ್ತದೆ. ಕನ್ನಡದ ಒಂದು ಒತ್ತು ಬಿದ್ದುಹೋದರೆ? ನಾವು ನೋಡಿ ಹೇಳದಿದ್ದರೆ ಅದು ಹಾಗೇ ಬಿಡುಗಡೆಯಾಗುತ್ತದೆ. ಬೆಂಗಳೂರಿನವರು ನೋಡುತ್ತಾರೆ ಅಂತ ನಾವು, ಮುಂಬಯಿಯವರು ನೋಡುತ್ತಾರೆ ಅಂತ ಅವರು ಕೂತರೆ ಆಗುವುದಿಲ್ಲ. ವಿಂಡೋಸ್‌ನ ಕನ್ನಡ ಫೊನೆಟಿಕ್ ಕೀಬೋರ್ಡ್ 2019ರಲ್ಲಿ ಎಲ್ಲರಿಗೂ ಬರುವ ಮೊದಲು 2018ರಲ್ಲೇ ಇನ್‌ಸೈಡರ್ ಬಿಲ್ಡುಗಳಲ್ಲಿ ಬಂದಿತ್ತು. ಅಂಥ ಹೊತ್ತಿನಲ್ಲಿ ಕನ್ನಡದವರು ಅಲ್ಲಿರಬೇಕು.

ನನ್ನ ಹತ್ತಿರ "ಪರೀಕ್ಷೆ" ಅಂತ ಒಂದು ಫೈಲಿದೆ. ಯಾವುದೇ ಬೀಟಾ ಹಾಕಿದರೂ ಮೊದಲು ತೆರೆಯುವುದು ಅದನ್ನೇ. ಅದರಲ್ಲಿ ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಕೃಷ್ಣ, ಜ್ಞಾನ, ಸೂರ್ಯ, ರ‍್ಯಾಂಕ್, ಸಾಫ್ಟ್‌ವೇರ್ ಇಂಥ ಶಬ್ದಗಳಿವೆ. ಸ್ತ್ರೀಯಲ್ಲಿ ಎರಡು ಒತ್ತೂ ಸರಿಯಾಗಿ ಕೂರಬೇಕು. ಸೂರ್ಯದಲ್ಲಿ ಅರ್ಕಾವತ್ತು ಬರಬೇಕು, ರ‍್ಯಾಂಕ್‌ನಲ್ಲಿ ಬರಬಾರದು. ಆ ವ್ಯತ್ಯಾಸಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇರುತ್ತದೆ, ಅದನ್ನು ಕೆಲವು ಪ್ರೋಗ್ರಾಮುಗಳು ನುಂಗಿಬಿಡುತ್ತವೆ. ಸಾಫ್ಟ್‌ವೇರ್‌ನಲ್ಲಿ "ವ" ಒತ್ತಾಗಿ ಕೆಳಗೆ ಇಳಿಯಬಾರದು.

ಬರೀ ನೋಡಿದರೆ ಸಾಲದು, ಟೈಪ್ ಮಾಡಿ. ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರೆ ಎಷ್ಟು ಅಳಿಯುತ್ತದೆ? ಬಾಣದ ಕೀ ಒತ್ತಿದಾಗ ಕರ್ಸರ್ ಅಕ್ಷರದ ನಡುವೆ ಸಿಕ್ಕಿಕೊಳ್ಳುತ್ತದಾ? ಫೈಲಿಗೆ ಕನ್ನಡ ಹೆಸರಿಟ್ಟು ಹುಡುಕಿ, ಸಿಗುತ್ತದಾ? ಪಿಡಿಎಫ್ ಮಾಡಿ, ಅದರಿಂದ ಕಾಪಿ ಮಾಡಿ ಬೇರೆ ಕಡೆ ಅಂಟಿಸಿ, ಅಕ್ಷರ ಹಾಗೇ ಉಳಿಯುತ್ತವಾ? ಮೆನು, ಬಟನ್‌ಗಳಲ್ಲಿ ಕೆಳಗಿನ ಒತ್ತು ಕತ್ತರಿಸಿಹೋಗುತ್ತದಾ? ಈ ಕೊನೆಯದು ಬಹಳ ಸಾಮಾನ್ಯ. ಇಂಗ್ಲಿಷಿನ ಎತ್ತರಕ್ಕೆ ಅಳೆದು ಮಾಡಿದ ಪೆಟ್ಟಿಗೆಯಲ್ಲಿ ನಮ್ಮ ಒತ್ತಿಗೆ ಜಾಗ ಇರುವುದಿಲ್ಲ.

ಸಂಘಗಳ ಸ್ಮರಣ ಸಂಚಿಕೆ ಮಾಡುವವರಿಗೆ ಒಂದು ಮಾತು. ನಿಮ್ಮ ಹಳೆಯ ಸಂಚಿಕೆಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿರಬಹುದು. ಕೀಲಿ ಒತ್ತಿದ್ದನ್ನು ನಡುವೆ ಹಿಡಿದು ಕನ್ನಡ ಮಾಡುವ ಹಳೆಯ ತಂತ್ರಾಂಶಗಳು ಹೊಸ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುತ್ತವೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೇ ಬೆರಳು ಪಳಗಿದ್ದರೆ, ಲಿನಕ್ಸ್‌ನಲ್ಲಿ ಅದೇ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಹೆಸರಿನ ವಿನ್ಯಾಸ ಸಿಗುತ್ತದೆ. ಸಂಚಿಕೆ ಅಚ್ಚಿಗೆ ಹೋಗುವ ತಿಂಗಳಲ್ಲಂತೂ ಆ ಮಷೀನನ್ನು ಮುಟ್ಟಲೇಬೇಡಿ.

ತಪ್ಪು ಕಂಡಿತು. ಯಾರಿಗೆ, ಹೇಗೆ ಹೇಳಬೇಕು?

ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಎಫ್ ಒತ್ತಿದರೆ ಫೀಡ್‌ಬ್ಯಾಕ್ ಹಬ್ ತೆರೆಯುತ್ತದೆ. ಮ್ಯಾಕ್ ಬೀಟಾದಲ್ಲಿ ಫೀಡ್‌ಬ್ಯಾಕ್ ಅಸಿಸ್ಟೆಂಟ್ ಮೊದಲೇ ಇರುತ್ತದೆ. ಉಬುಂಟುವಿನದು ಲಾಂಚ್‌ಪ್ಯಾಡ್‌ನಲ್ಲಿ.

"ಕನ್ನಡ ಸರಿ ಬರುತ್ತಿಲ್ಲ" ಎಂದು ಬರೆದರೆ ಅದನ್ನು ಓದುವವರಿಗೆ ಏನೂ ತಿಳಿಯುವುದಿಲ್ಲ. ಓದುವವರಿಗೆ ಕನ್ನಡ ಬರುವುದಿಲ್ಲ ಅಂತಲೇ ಲೆಕ್ಕ ಹಾಕಿ. ಹೀಗೆ ಬರೆಯಿರಿ: ಬಿಲ್ಡ್ ಸಂಖ್ಯೆ ಇಷ್ಟು. ನೋಟ್‌ಪ್ಯಾಡ್ ತೆರೆದೆ. ಇಂಥ ಕೀಬೋರ್ಡಿನಲ್ಲಿ ಈ ಈ ಕೀಲಿಗಳನ್ನು ಇದೇ ಕ್ರಮದಲ್ಲಿ ಒತ್ತಿದೆ. ಬರಬೇಕಾದದ್ದು ಇದು, ಬಂದದ್ದು ಇದು. ಹಿಂದಿನ ಆವೃತ್ತಿಯಲ್ಲಿ ಸರಿ ಇತ್ತು. ಪ್ರತಿ ಸಲವೂ ಹೀಗೇ ಆಗುತ್ತದೆ. ಹಳೆಯದರ ಮತ್ತು ಹೊಸದರ ಎರಡು ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು, ತಪ್ಪಿರುವ ಕಡೆ ಕೆಂಪು ಸುತ್ತು ಹಾಕಿ. ಬಿಲ್ಡ್ ಸಂಖ್ಯೆ ಬೇಕಾದರೆ ವಿಂಡೋಸ್‌ನಲ್ಲಿ ಸ್ಟಾರ್ಟ್ ಮೆನುವಿನಲ್ಲಿ ವಿನ್‌ವರ್ ಅಂತ ಹುಡುಕಿ.

ಕಳಿಸುವ ಮೊದಲು ಬೇರೆ ಯಾರಾದರೂ ಅದೇ ತಪ್ಪನ್ನು ಬರೆದಿದ್ದಾರಾ ನೋಡಿ. ಬರೆದಿದ್ದರೆ ಹೊಸದು ಬೇಡ, ಅದಕ್ಕೇ ನಿಮ್ಮ ಮತ ಹಾಕಿ, ನಿಮ್ಮ ಸ್ಕ್ರೀನ್‌ಶಾಟ್ ಸೇರಿಸಿ. ನಿಮ್ಮ ಸಂಘದಲ್ಲಿ ಬೀಟಾ ಹಾಕಿದವರು ಇನ್ನಿಬ್ಬರು ಇದ್ದರೆ ಅವರಿಗೂ ಹೇಳಿ ಮತ ಹಾಕಿಸಿ. ಮುಂದಿನ ಬಿಲ್ಡ್ ಬಂದ ದಿನ ಮತ್ತೆ "ಪರೀಕ್ಷೆ" ಫೈಲು ತೆರೆಯಿರಿ. ಸರಿಯಾಗಿದ್ದರೆ ಆ ವರದಿಯ ಕೆಳಗೆ ಸರಿಯಾಗಿದೆ ಅಂತ ಬರೆಯಿರಿ. ಆಗಿಲ್ಲದಿದ್ದರೆ ಹೊಸ ಬಿಲ್ಡ್ ಸಂಖ್ಯೆ ಹಾಕಿ, ಇನ್ನೂ ಹಾಗೇ ಇದೆ ಅಂತ ಬರೆಯಿರಿ.